ಆಸಿಡ್ ಟವರಿನ ಹೊಟ್ಟೆಯಲ್ಲಿ ಪಿಂಗಾಣಿ ತುಂಡು ಯಾಕೆ?

ಪೆರ್ಲದ ಹುಡುಗ

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಮುಗಿಸಿ ಮೂರು ತಿಂಗಳ ಹಿಂದೆ ಮಂಗಳೂರಿನ ಹತ್ತಿರ ಒಂದು ಸಲ್ಫ್ಯೂರಿಕ್ ಆಸಿಡ್ ಪ್ಲಾಂಟಿಗೆ ಟ್ರೈನಿಯಾಗಿ ಸೇರಿದ್ದೇನೆ. ಈಗ ಶಟ್‌ಡೌನ್ ಸಮಯ. ಹೋದ ವಾರ ಟವರಿನ ಮ್ಯಾನ್‌ಹೋಲ್ ತೆಗೆದರು. ಟಾರ್ಚ್ ಹಾಕಿ ನೋಡಿದರೆ ಒಳಗೆಲ್ಲ ಬಿಳಿ ಪಿಂಗಾಣಿ ತುಂಡುಗಳ ರಾಶಿ. ಒಂದೊಂದೂ ಬಾಗಿಸಿದ ವೀಳ್ಯದೆಲೆಯ ಹಾಗೆ ಇದೆ. ಸ್ಯಾಡಲ್ ಅಂತಾರೆ. ಗೋಡೆಗೆ ಒಳಗಿನಿಂದ ಇಟ್ಟಿಗೆ ಕಟ್ಟಿದ್ದಾರೆ. ಹೊರಗಡೆ ನೋಡಿದರೆ ಪೂರ್ತಿ ಉಕ್ಕು, ಒಳಗೆ ಪೂರ್ತಿ ಮಣ್ಣು!

ಹೊಸ ಚೀಲದಲ್ಲಿ ಒಡೆದು ಹೋಗಿದ್ದ ಒಂದು ಸ್ಯಾಡಲನ್ನು ಕೇಳಿ ಮನೆಗೆ ತಂದೆ. ಅಜ್ಜಿ ಕೈಯಲ್ಲಿ ತಿರುಗಿಸಿ ನೋಡಿ, ಉಗುರಿನಿಂದ ತಟ್ಟಿ, "ಇದು ನಮ್ಮ ಉಪ್ಪಿನಕಾಯಿ ಭರಣಿಯ ತುಂಡಲ್ವಾ?" ಅಂದರು.

ಅಜ್ಜಿ ಹೇಳಿದ್ದು ಸರಿಯಾ? ಆಸಿಡ್ ಕಬ್ಬಿಣವನ್ನೇ ತಿನ್ನುತ್ತದೆ, ಮಣ್ಣನ್ನು ಯಾಕೆ ತಿನ್ನುವುದಿಲ್ಲ? ಪ್ಲಾಂಟಿನಲ್ಲಿ ಎಲ್ಲರೂ ಓಡಾಟದಲ್ಲಿ ಇದ್ದಾರೆ, ಕೇಳಲು ಸಂಕೋಚ ಆಗುತ್ತದೆ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಕುಂಬಳೆಯ ಹಳೇ ಫಿಟ್ಟರ್

ತಮ್ಮಾ, ಅಜ್ಜಿ ಸರಿಯಾಗಿಯೇ ಗುರುತು ಹಿಡಿದಿದ್ದಾರೆ. ಭರಣಿಯೂ ಸ್ಯಾಡಲ್ಲೂ ಒಂದೇ ಕುಟುಂಬ. ನಾನು 31 ವರ್ಷ ಆಸಿಡ್ ಪ್ಲಾಂಟುಗಳಲ್ಲಿ ಫಿಟ್ಟರ್ ಆಗಿದ್ದೆ. ಮೊದಲು ಮಹಾರಾಷ್ಟ್ರ, ಆಮೇಲೆ ಗುಜರಾತ್. ಈಗ ಊರಲ್ಲಿ ತೋಟ ನೋಡಿಕೊಂಡಿದ್ದೇನೆ. ಈ ವಿಷಯ ಕೇಳುವವರು ಸಿಕ್ಕಿದ್ದೇ ಖುಷಿ.

ಮೊದಲು ಟವರಿನ ಕೆಲಸ ಏನು ಅಂತ ತಿಳಿದುಕೋ. ಗಂಧಕ ಸುಟ್ಟರೆ ಸಲ್ಫರ್ ಡೈಆಕ್ಸೈಡ್ ಬರುತ್ತದೆ. ಕನ್ವರ್ಟರಿನಲ್ಲಿ ವನೇಡಿಯಂ ಕ್ಯಾಟಲಿಸ್ಟಿನ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಮೂಲಕ ಹೋಗುವಾಗ ಅದು ಟ್ರೈಆಕ್ಸೈಡ್ ಆಗುತ್ತದೆ. ಇದನ್ನು ನೇರ ನೀರಿಗೆ ಬಿಟ್ಟರೆ ದಟ್ಟ ಮಂಜಿನ ಹಾಗೆ ಎದ್ದು ಚಿಮಣಿಯಲ್ಲಿ ಹೊರಟು ಹೋಗುತ್ತದೆ. ಅದಕ್ಕೇ ನೀರಿನ ಬದಲು ಸುಮಾರು 98 ಪರ್ಸೆಂಟ್ ಆಸಿಡ್ಡಿನಲ್ಲೇ ಹೀರಿಸುವುದು. ಮೇಲಿನಿಂದ ಆಸಿಡ್ ಇಳಿಯುತ್ತದೆ, ಕೆಳಗಿನಿಂದ ಗ್ಯಾಸ್ ಏರುತ್ತದೆ. ಎರಡಕ್ಕೂ ಒಂದನ್ನೊಂದು ಮುಟ್ಟಲು ಜಾಗ ಬೇಕು. ಖಾಲಿ ಟವರಿನಲ್ಲಿ ಆಸಿಡ್ ಜಡಿಮಳೆಯ ಹಾಗೆ ಸುಮ್ನೆ ಕೆಳಗೆ ಬಿದ್ದುಬಿಡುತ್ತದೆ. ಸ್ಯಾಡಲ್ ತುಂಬಿಸಿದರೆ ಪ್ರತಿಯೊಂದು ತುಂಡಿನ ಮೈಮೇಲೂ ತೆಳ್ಳಗೆ ಹರಡಿ, ಸುತ್ತಿ ಬಳಸಿ ಇಳಿಯುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. ಒಂದು ಘನ ಮೀಟರ್ ಜಾಗಕ್ಕೆ 25 ಮಿಲಿಮೀಟರಿನ ಪಿಂಗಾಣಿ ಉಂಗುರ ಸುರಿದರೆ ಒಟ್ಟು ಸುಮಾರು 190 ಚದರ ಮೀಟರ್ ಮೈ ಸಿಗುತ್ತದೆ. ಅದೇ ಅಳತೆಯ ಸ್ಯಾಡಲ್ ಆದರೆ 250ರ ಹತ್ತಿರ. ಅಷ್ಟು ತುಂಬಿಸಿದರೂ ಮುಕ್ಕಾಲು ಭಾಗ ಜಾಗ ಖಾಲಿಯೇ ಇರುತ್ತದೆ, ಗ್ಯಾಸಿಗೆ ದಾರಿ ಬೇಕಲ್ಲ. ನಿಮ್ಮ ಟವರಿನಲ್ಲಿರುವುದು 2 ಅಥವಾ 3 ಇಂಚಿನದ್ದು ಇರಬೇಕು. ದೊಡ್ಡದಾದಷ್ಟೂ ಮೈ ಕಡಿಮೆ, ಆದರೆ ಗ್ಯಾಸಿಗೆ ತಡೆಯೂ ಕಡಿಮೆ. ಬ್ಲೋವರಿನ ಕರೆಂಟ್ ಉಳಿಯುತ್ತದೆ.

ಉಂಗುರವನ್ನು ರಾಶಿಗ್ ರಿಂಗ್ ಅನ್ನುತ್ತಾರೆ. ಜರ್ಮನಿಯ ಫ್ರೆಡ್ರಿಕ್ ರಾಶಿಗ್ ಎಂಬ ಕೆಮಿಸ್ಟ್ 20ನೇ ಶತಮಾನದ ಆರಂಭದಲ್ಲಿ ಮಾಡಿದ್ದು. ಎತ್ತರ ಎಷ್ಟೋ ಅಗಲವೂ ಅಷ್ಟೇ, ಉಪಾಯ ಅಷ್ಟರಲ್ಲೇ ಇದೆ. ಅದಕ್ಕೆ ಮೊದಲು ಟವರಿಗೆ ಕೋಕ್ ಕಲ್ಲಿದ್ದಲು ತುಂಬಿಸುತ್ತಿದ್ದರು. ಕೋಕ್ ಒಂದೊಂದು ಕಡೆ ಒಂದೊಂದು ಥರ ಕೂತು ಗ್ಯಾಸ್ ಒಂದೇ ಕಡೆ ನುಗ್ಗುತ್ತಿತ್ತು. ಒಂದೇ ಅಳತೆಯ ಉಂಗುರ ಬಂದ ಮೇಲೆ ಲೆಕ್ಕ ಹಾಕಿ ಟವರ್ ಕಟ್ಟಲು ಸಾಧ್ಯ ಆಯಿತು. ಸ್ಯಾಡಲ್ ಬಂದದ್ದು ಆಮೇಲೆ.

ಆಸಿಡ್ ಯಾಕೆ ಮಣ್ಣನ್ನು ತಿನ್ನುವುದಿಲ್ಲ ಅನ್ನುವುದಕ್ಕೆ ನಮ್ಮ ಬದಿಯಡ್ಕದ ಟೀಚರ್ ಉತ್ತರ ಕೊಟ್ಟರೆ ಚೆನ್ನ. ನನಗೆ ಗೊತ್ತಿರುವುದು ಕೈಕೆಲಸ.

ಬದಿಯಡ್ಕದ ಕೆಮಿಸ್ಟ್ರಿ ಟೀಚರ್

ಫಿಟ್ಟರ್ ಅಣ್ಣ ಕರೆದ ಮೇಲೆ ಬರಲೇಬೇಕು. ನಮ್ಮ ಕನ್ನಡ ಮೀಡಿಯಂ ಮಕ್ಕಳಿಗೆ ಈ ಪಾಠ ಮಾಡುವಾಗ ಹೇಳುವ ಹಾಗೆಯೇ ಹೇಳುತ್ತೇನೆ.

ಊರಲ್ಲಿ ಬಾವಿ ತೋಡುವಾಗ, ನೀರಿಗಾಗಿ ಸುರಂಗ ಕೊರೆಯುವಾಗ ಮುರಕಲ್ಲು ಮುಗಿದ ಮೇಲೆ ನುಣ್ಣಗಿನ ಬಿಳಿ, ಗುಲಾಬಿ ಮಣ್ಣು ಸಿಗುತ್ತದಲ್ಲ, ಶೇಡಿ ಮಣ್ಣು. ಕುಸಿಯುತ್ತದೆ ಅಂತ ಸುರಂಗದವರು ಹೆದರುವ ಮಣ್ಣು. ಅದರಲ್ಲಿ ಹೆಚ್ಚಿನ ಪಾಲು ಕೆಯೊಲಿನೈಟ್ ಎಂಬ ಖನಿಜ. ಅಲ್ಯೂಮಿನ (ಅಲ್ಯೂಮಿನಿಯಂ ಆಕ್ಸೈಡ್), ಸಿಲಿಕ (ಸಿಲಿಕಾನ್ ಆಕ್ಸೈಡ್) ಮತ್ತು ನೀರು ಪದರ ಪದರವಾಗಿ ಸೇರಿಕೊಂಡಿರುವುದು. ಇದೇ ಶುದ್ಧವಾಗಿ ಬೆಳ್ಳಗೆ ಸಿಕ್ಕಿದರೆ ಚೈನಾ ಕ್ಲೇ. ಕೇರಳದಲ್ಲಿ ಅದು ಸಿಗುವ ಎರಡು ಪಟ್ಟಿಗಳಲ್ಲಿ ಒಂದು ತಿರುವನಂತಪುರ-ಕೊಲ್ಲಂ ಕಡೆ, ಇನ್ನೊಂದು ನಮ್ಮ ಕಣ್ಣೂರು-ಕಾಸರಗೋಡು ಕಡೆ.

ಹಸಿ ಮಣ್ಣನ್ನು ಒಣಗಿಸಿದರೆ ಮತ್ತೆ ನೀರಿಗೆ ಕರಗುತ್ತದೆ. ಆದರೆ 500-600 ಡಿಗ್ರಿ ದಾಟಿಸಿದರೆ ಖನಿಜದ ಒಳಗೇ ಕೂತಿದ್ದ ನೀರು ಹೊರಟು ಹೋಗುತ್ತದೆ. ಇನ್ನು ಅದು ಮಣ್ಣಾಗಿ ಹಿಂದೆ ಬರುವುದಿಲ್ಲ. 1000 ಡಿಗ್ರಿ ದಾಟಿದ ಮೇಲೆ ಮುಲ್ಲೈಟ್ ಎಂಬ ಸೂಜಿಯಂಥ ಹರಳುಗಳು ಹುಟ್ಟುತ್ತವೆ. ಮೊದಲು ಸಿಕ್ಕಿದ್ದು ಸ್ಕಾಟ್‌ಲೆಂಡಿನ ಮಲ್ ದ್ವೀಪದ ಕಲ್ಲಿನಲ್ಲಿ, ಅದಕ್ಕೆ ಆ ಹೆಸರು. 1200-1300 ಡಿಗ್ರಿಗೆ ಮಣ್ಣಿನ ಜೊತೆ ಸೇರಿಸಿದ ಫೆಲ್ಡ್‌ಸ್ಪಾರ್ ಎಂಬ ಖನಿಜ ಕರಗಿ ಗಾಜಾಗಿ ಸಂದಿಗಳನ್ನೆಲ್ಲ ತುಂಬಿಕೊಳ್ಳುತ್ತದೆ. ಈಗ ಸೂಜಿ ಹರಳುಗಳು ಗಾಜಿನಲ್ಲಿ ನೆಟ್ಟು ನಿಂತ ಹಾಗೆ. ನೀರಿಗೂ ಒಳಗೆ ಹೋಗಲು ದಾರಿ ಇಲ್ಲ.

ಆಸಿಡ್ ಕಬ್ಬಿಣವನ್ನು ತಿನ್ನುವುದು ಅಂದರೆ ಕಬ್ಬಿಣದಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವುದು. ಸುಟ್ಟ ಮಣ್ಣಿನಲ್ಲಿ ಅಲ್ಯೂಮಿನಿಯಂ, ಸಿಲಿಕಾನ್ ಎರಡೂ ಆಗಲೇ ಆಮ್ಲಜನಕದ ಜೊತೆ ಗಟ್ಟಿಯಾಗಿ ಕೂಡಿಕೊಂಡಿವೆ. ಕಿತ್ತುಕೊಳ್ಳಲು ಏನೂ ಉಳಿದಿಲ್ಲ. ಸಿಲಿಕ ತಾನೇ ಆಮ್ಲದ ಗುಣದ್ದು, ಹಾಗಾಗಿ ಆಮ್ಲದ ಜೊತೆ ಅದಕ್ಕೆ ಜಗಳ ಇಲ್ಲ. ಪ್ರತ್ಯಾಮ್ಲದ ಜೊತೆ ಉಂಟು. ಬಿಸಿಯಾದ ಕಾಸ್ಟಿಕ್ ಸೋಡಾ ಪಿಂಗಾಣಿಯನ್ನು ಸವೆಸುತ್ತದೆ.

ಆಸಿಡ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಬೇರೆಯೇ. ಅದು ಸಿಲಿಕವನ್ನು ಅನಿಲ ಮಾಡಿ ಹಾರಿಸಿಬಿಡುತ್ತದೆ. ಬಿಸಿಯಾದ ಗಟ್ಟಿ ಫಾಸ್ಫಾರಿಕ್ ಆಸಿಡ್ಡೂ ಪಿಂಗಾಣಿಗೆ ಆಗದು.

ಎಣ್ಮಕಜೆ ಕೃಷಿಕ

ಒಳ್ಳೆಯ ಚರ್ಚೆ. ನಮ್ಮ ಮಟ್ಟದ ಒಂದು ಪ್ರಶ್ನೆ. ಅಡಿಕೆಗೆ ಮಹಾಳಿ ರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಬಿಡುತ್ತೇವಲ್ಲ, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ. ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಬಾರದು ಅಂತ ಅಪ್ಪ ಹೇಳುತ್ತಿದ್ದರು. ಒಮ್ಮೆ ಕತ್ತಿ ಅದ್ದಿ ನೋಡಿದ್ದೆ, ಅಲಗಿಗೆ ಕೆಂಪು ತಾಮ್ರ ಅಂಟಿಕೊಂಡಿತು. ಅಪ್ಪ ದೊಡ್ಡ ಮಣ್ಣಿನ ಹಂಡೆಯಲ್ಲಿ ಕರಗಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಡ್ರಮ್. ಅಂದರೆ ನಾವೂ ಮಣ್ಣಿನ ಪಾತ್ರೆಯಲ್ಲಿ ಕೆಮಿಕಲ್ ಇಟ್ಟವರೇ ಆಯಿತಲ್ಲ!

ಹಾಗಾದರೆ ಕೆಂಪು ಹೆಂಚು, ಕೆಂಪು ಮಡಕೆ ಕೂಡ ಆಸಿಡ್ಡಿಗೆ ಆಗಬಹುದಾ? ಹಳೇ ಮಂಗಳೂರು ಹೆಂಚು ಕೊಟ್ಟಿಗೆಯಲ್ಲಿ ರಾಶಿ ಬಿದ್ದಿದೆ. ರಬ್ಬರ್ ಶೀಟ್ ಮಾಡುವ ಫಾರ್ಮಿಕ್ ಆಸಿಡ್ ಚೆಲ್ಲಿ ಶೆಡ್ಡಿನ ಸಿಮೆಂಟ್ ನೆಲ ಎದ್ದು ಹೋಗಿದೆ. ಅಲ್ಲಿ ಹೆಂಚು ಹಾಸಿದರೆ ಹೇಗೆ?

ಬದಿಯಡ್ಕದ ಕೆಮಿಸ್ಟ್ರಿ ಟೀಚರ್

ಬೇಡ ಅಣ್ಣ. ಹೆಂಚು ಮಾಡುವುದು ನದಿಬಯಲಿನ ಆವೆಮಣ್ಣಿನಿಂದ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಶುರು ಮಾಡಿದಾಗಲೂ ನೇತ್ರಾವತಿ, ಗುರುಪುರ ನದಿಗಳ ಮಣ್ಣೇ. ಅದರ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದ್ದು. ಆಸಿಡ್ ಮೊದಲು ಅದನ್ನೇ ಎಳೆಯುತ್ತದೆ. ಹೆಂಚಿನ ಪುಡಿಯ ಮೇಲೆ ಬಚ್ಚಲು ತೊಳೆಯುವ ಆಸಿಡ್ ಬಿಟ್ಟು ಎರಡು ದಿನ ಇಟ್ಟರೆ ದ್ರಾವಣ ಹಳದಿ ಆಗುತ್ತದೆ. ಕಬ್ಬಿಣ ಕರಗಿದ ಗುರುತು ಅದು.

ಇನ್ನೊಂದು, ಹೆಂಚನ್ನು ಸುಡುವ ಶಾಖಕ್ಕೆ ಗಾಜು ಕಟ್ಟುವುದಿಲ್ಲ. ಒಳಗೆಲ್ಲ ಸೂಕ್ಷ್ಮ ತೂತು. ಮಡಕೆಯ ನೀರು ತಣ್ಣಗಿರುವುದು ಆ ತೂತಿನಿಂದಲೇ, ನೀರು ಹೊರಗೆ ಒಸರಿ ಆರುತ್ತದೆ. ಅದೇ ಗುಣ ಆಸಿಡ್ಡಿಗೆ ಆಗದು. ಆದರೆ ನಿಮ್ಮ ಮನೆಯ ಬಿಳಿ ಕಮೋಡ್ ನೋಡಿ. ಎಷ್ಟು ವರ್ಷ ಆಸಿಡ್ ಹಾಕಿ ತೊಳೆದರೂ ಏನೂ ಆಗಿಲ್ಲ ಅಲ್ವಾ? ಗಾಜು ಕಟ್ಟಿದ ಮಣ್ಣು ಅದು. ಶೆಡ್ಡಿಗೆ ಆಸಿಡ್ ಪ್ರೂಫ್ ಟೈಲ್ ಅಂತಲೇ ಕೇಳಿ ತನ್ನಿ. ಸಂದಿಗೆ ಮಾತ್ರ ಸಿಮೆಂಟ್ ಹಾಕಿಸಬೇಡಿ. ಫಾರ್ಮಿಕ್ ಆಸಿಡ್ ಮತ್ತೆ ಸಂದಿಯನ್ನೇ ಹಿಡಿಯುತ್ತದೆ.

ಕುಂಬಳೆಯ ಹಳೇ ಫಿಟ್ಟರ್

ಟೀಚರ್, "ಸಂದಿ" ಅಂದಿರಲ್ಲ, ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡದ್ದು ಅದನ್ನೇ. ತಮ್ಮಾ, ಇದನ್ನು ನಿಧಾನವಾಗಿ ಓದು.

ಟವರಿನ ಇಟ್ಟಿಗೆ ಆಸಿಡ್ಡನ್ನು ತಡೆದು ನಿಲ್ಲಿಸುತ್ತದೆ ಅಂತ ಎಲ್ಲರೂ ತಿಳಿಯುತ್ತಾರೆ. ಹಾಗಲ್ಲ. ಎಷ್ಟೇ ಒಳ್ಳೆಯ ಇಟ್ಟಿಗೆ ಆದರೂ ಸಂದಿಯಲ್ಲಿ ಸ್ವಲ್ಪ ಆಸಿಡ್ ನುಸುಳಿಯೇ ನುಸುಳುತ್ತದೆ. ಅದನ್ನು ನಿಜವಾಗಿ ತಡೆಯುವುದು ಇಟ್ಟಿಗೆಗೂ ಉಕ್ಕಿಗೂ ನಡುವೆ ಇರುವ ಪದರ. ಸೀಸದ ಹಾಳೆ, ರಬ್ಬರು, ಟೆಫ್ಲಾನ್, ಆಸ್ಫಾಲ್ಟ್, ಆಯಾ ಆಸಿಡ್ಡಿಗೆ ತಕ್ಕ ಹಾಗೆ. ಇಟ್ಟಿಗೆಯ ಕೆಲಸ ಆ ಪದರವನ್ನು ಬಿಸಿಯಿಂದ, ಉಜ್ಜಾಟದಿಂದ ಕಾಯುವುದು. 80 ಡಿಗ್ರಿ ಆಚೀಚೆಯ ಆಸಿಡ್ ಇಳಿಯುವಾಗ ಎರಡು ಸುತ್ತು ಇಟ್ಟಿಗೆ ದಾಟಿ ಹಿಂದೆ ಮುಟ್ಟುವಷ್ಟರಲ್ಲಿ ಬಿಸಿ ಇಳಿದಿರಬೇಕು, ಹರಿವು ನಿಂತಿರಬೇಕು. ತಣ್ಣಗೆ ನಿಂತ 98 ಪರ್ಸೆಂಟ್ ಆಸಿಡ್ ಕಬ್ಬಿಣವನ್ನು ಬೇಗ ತಿನ್ನುವುದಿಲ್ಲ. ಕಬ್ಬಿಣದ ಮೇಲೆ ಸಲ್ಫೇಟಿನ ತೆಳು ಪೊರೆ ಕಟ್ಟಿಕೊಳ್ಳುತ್ತದೆ. ಆಸಿಡ್ ಸ್ಟೋರೇಜ್ ಟ್ಯಾಂಕುಗಳು ಮಾಮೂಲಿ ಉಕ್ಕಿನವೇ ಇರುವುದು ಅದಕ್ಕೇ. ಬಿಸಿ ಆದರೆ, ಹರಿದರೆ ಅಥವಾ ನೀರು ಸೇರಿ ತೆಳ್ಳಗಾದರೆ ಆ ಪೊರೆ ಹೋಗುತ್ತದೆ.

ಇಟ್ಟಿಗೆಗೆ ಭಾರತೀಯ ಮಾನಕ ಉಂಟು, ಐಎಸ್ 4860. ಒಂದನೇ ದರ್ಜೆಯ ಇಟ್ಟಿಗೆ ನೀರು ಹೀರುವುದು 2 ಪರ್ಸೆಂಟಿಗಿಂತ ಜಾಸ್ತಿ ಇರಬಾರದು, ಎರಡನೇ ದರ್ಜೆಗೆ 4 ಪರ್ಸೆಂಟ್. ನಾವು ಸೈಟಿನಲ್ಲಿ ಒಂದೊಂದನ್ನೂ ತಟ್ಟಿ ನೋಡುತ್ತಿದ್ದೆವು. ಜಾತ್ರೆಯಲ್ಲಿ ಮಡಕೆ ಕೊಳ್ಳುವಾಗ ಹೆಂಗಸರು ಬೆರಳಿನಿಂದ ತಟ್ಟಿ ಕಿವಿ ಕೊಡುತ್ತಾರಲ್ಲ, ಹಾಗೆಯೇ. ಟಣ್ ಅಂದರೆ ಒಳಗೆ, ಡಬ್ ಅಂದರೆ ಹೊರಗೆ.

ಈಗ ಗಾರೆ. ಇದು ಸಿಮೆಂಟಲ್ಲ, ಸಿಲಿಕೇಟಿನ ಗಾರೆ. ಸೋಡಿಯಂ ಸಿಲಿಕೇಟ್, ಪೊಟ್ಯಾಷಿಯಂ ಸಿಲಿಕೇಟ್ ಎರಡೂ ಸಿಗುತ್ತವೆ, ಎರಡೂ ನೋಡಲು ಒಂದೇ. ಸಲ್ಫ್ಯೂರಿಕ್ ಆಸಿಡ್ಡಿಗೆ ಪೊಟ್ಯಾಷಿಯಂ ಗಾರೆಯೇ ಬೇಕು. ಸೋಡಿಯಂ ಗಾರೆಯಲ್ಲಿ ಸೋಡಿಯಂ ಸಲ್ಫೇಟ್ ಹುಟ್ಟಿ, ಅದು ನೀರು ಹಿಡಿದು ಉಬ್ಬಿ ಹರಳಾಗುತ್ತದೆ. ಆ ಹರಳು ಸಂದಿಯನ್ನು ಒಳಗಿನಿಂದಲೇ ಒಡೆಯುತ್ತದೆ.

ಇದನ್ನು ನಾನು ಕಲಿತದ್ದು ಓದಿ ಅಲ್ಲ. ಒಂದು ಕಡೆ ಹೊಸ ಟವರ್ ಕಟ್ಟಿದಾಗ ಸ್ಟಾರ್ಟ್ ಮಾಡುವ ತಾರೀಕು ಮೊದಲೇ ನಿಶ್ಚಯ ಆಗಿತ್ತು. ಕೆಲಸ ಹಿಂದೆ ಬಿತ್ತು, ಅವಸರ ಆಯಿತು. ಸಿಕ್ಕಿದ ಗಾರೆ ಬಳಸಿದರು. 3ರಿಂದ 6 ಮಿಲಿಮೀಟರ್ ಇರಬೇಕಾದ ಸಂದಿ ಕೆಲವು ಕಡೆ ಬೆರಳು ಹೋಗುವಷ್ಟು ಇತ್ತು. ಗಾರೆ ಬಲಿಯುವ ಮೊದಲೇ ಬಿಸಿ ಏರಿಸಿದರು. ಎಂಟು ತಿಂಗಳಾಗಿತ್ತು. ಒಂದು ರಾತ್ರಿ ಎರಡು ಗಂಟೆಗೆ ಕೆಳಗಿನ ನಾಜಲ್ ಹತ್ತಿರ ಕಂದು ಬಣ್ಣದ ಹನಿ ಕಾಣಿಸಿತು. ಬೆರಳ ತುದಿಯಷ್ಟು ಗಾತ್ರ. ಹತ್ತಿರ ನಿಂತಿದ್ದ ಹೆಲ್ಪರ್ ಹುಡುಗನ ಪಾದಕ್ಕೆ ಎರಡು ಹನಿ ಬಿತ್ತು, ಶೂ ದಾಟಿ ಚರ್ಮ ಸುಟ್ಟಿತು. ಶವರಿನ ಕೆಳಗೆ ಅವನ ಕಾಲು ಹಿಡಿದುಕೊಂಡು ನಾನೇ ಕೂತಿದ್ದೆ. ಅವನಿಗೆ ಆಗ 22 ವರ್ಷ, ಬಹುಶಃ ನಿನ್ನದೇ ವಯಸ್ಸು.

ಬೆಳಗ್ಗೆ ಟವರ್ ಬಿಚ್ಚಿದೆವು. ಒಂದು ಇಟ್ಟಿಗೆಗೂ ಏನೂ ಆಗಿರಲಿಲ್ಲ. ಅಂಚು ಕೂಡ ಹೊಸದರ ಹಾಗೆ ಹರಿತವಾಗಿತ್ತು. ಸಂದಿಯ ಗಾರೆ ಮಾತ್ರ ಚಾಕುವಿನಲ್ಲಿ ಕೆರೆದರೆ ಉಪ್ಪಿನ ಹಾಗೆ ಉದುರುತ್ತಿತ್ತು. ಹಿಂದಿನ ಉಕ್ಕು ಕಾಗದದಷ್ಟು ತೆಳ್ಳಗಾಗಿತ್ತು.

ನೀರ್ಚಾಲಿನ ಗೇರುಬೀಜದವ

ಅಣ್ಣ, ಓದಿ ಮೈ ಜುಂ ಅಂದಿತು. ಆ ಹುಡುಗ ಹುಷಾರಾದನಾ?

ಗಾರೆಯ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ನಾನು ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ಎಣ್ಣೆಯ ವಿಭಾಗದಲ್ಲಿ ಇದ್ದವನು. ಕೈಗೆ ತಾಗಿದರೆ ಬೊಬ್ಬೆ ಏಳುವ ಎಣ್ಣೆ. ಅದನ್ನು ಟ್ಯಾಂಕರಿನಲ್ಲಿ ತುಂಬಿಸಿ ಕಳಿಸುವಾಗ ಇದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದ್ದೆ. ಬ್ರೇಕ್ ಲೈನಿಂಗ್, ಪೇಂಟ್, ಆಮೇಲೆ ಆಸಿಡ್ ಇಟ್ಟಿಗೆಗೆ ಹಾಕುವ ರಾಳದ ಗಾರೆ ಅಂದರು. ನಿಜವಾ?

ಕುಂಬಳೆಯ ಹಳೇ ಫಿಟ್ಟರ್

ಹುಷಾರಾದ. ಕಾಲಿನ ಮೇಲೆ ಕಲೆ ಉಳಿಯಿತು.

ನೀವು ಕೇಳಿದ್ದು ನಿಜ. ಆಸಿಡ್ ತಡೆಯುವ ಗಾರೆಗಳ ಮಾನಕ ಐಎಸ್ 4832. ಅದರಲ್ಲಿ ಸಿಲಿಕೇಟ್, ರಾಳ, ಗಂಧಕ ಅಂತ ಮೂರು ಭಾಗ. ರಾಳದ ಗಾರೆಗಳ ಜೊತೆ ಗೇರುಬೀಜದ ಸಿಪ್ಪೆ ಎಣ್ಣೆಯದ್ದೂ ಸೇರಿದೆ. ಎಲ್ಲ ಕಡೆ ಒಂದೇ ಗಾರೆ ಆಗುವುದಿಲ್ಲ. ಫ್ಯೂರಾನ್ ರಾಳ ಬಹಳ ಗಟ್ಟಿ, ಆದರೆ ನೈಟ್ರಿಕ್ ಆಸಿಡ್, ಗಟ್ಟಿ ಸಲ್ಫ್ಯೂರಿಕ್ ಅದನ್ನು ಸುಡುತ್ತವೆ. ಕಾಸ್ಟಿಕ್ ಇರುವ ಜಾಗಕ್ಕೆ ಸಿಲಿಕೇಟ್ ಆಗದು. ಇಟ್ಟಿಗೆ ಯಾವುದು ಅಂತ ಕೇಳುವ ಮೊದಲು ಗಾರೆ ಯಾವುದು ಅಂತ ಕೇಳಬೇಕು.

ಜುಬೈಲ್‌ನಿಂದ ಹೊಸಂಗಡಿಯವ

ಎಲ್ಲ ಓದಿದೆ, ಗೌರವದಿಂದಲೇ ಒಂದು ಬೇರೆ ಮಾತು. ನಾನು ಇಲ್ಲಿ ಸೌದಿಯಲ್ಲಿ ಎಫ್‌ಆರ್‌ಪಿ (ನಾರು ಸೇರಿಸಿ ಗಟ್ಟಿ ಮಾಡಿದ ಪ್ಲಾಸ್ಟಿಕ್) ಕೆಲಸದಲ್ಲಿ ಇದ್ದೇನೆ. ಪಿಂಗಾಣಿಯ ಕಾಲ ಮುಗಿಯಿತು ಅನ್ನುವುದು ನನ್ನ ಅನಿಸಿಕೆ. ಹೈಡ್ರೋಕ್ಲೋರಿಕ್ ಆಸಿಡ್ಡಿಗೆ ಹಿಂದೆ ದೊಡ್ಡ ದೊಡ್ಡ ಸ್ಟೋನ್‌ವೇರ್ (ಗಟ್ಟಿಯಾಗಿ ಸುಟ್ಟ ಮಣ್ಣಿನ) ಜಾಡಿ ಇಡುತ್ತಿದ್ದರಂತೆ. ಈಗ ರಬ್ಬರ್ ಲೈನಿಂಗ್ ಟ್ಯಾಂಕ್, ಪಾಲಿಪ್ರೊಪಿಲೀನ್, ಎಫ್‌ಆರ್‌ಪಿ. ಔಷಧ ಕಂಪನಿಗಳಲ್ಲಿ ಗಾಜು ಹೊದಿಸಿದ ಉಕ್ಕಿನ ರಿಯಾಕ್ಟರ್. ಪ್ಲಾಸ್ಟಿಕ್ಕಿನದ್ದಾದರೆ ಬಿದ್ದರೆ ಒಡೆಯುವುದಿಲ್ಲ, ಭಾರ ಇಲ್ಲ. ಸಲ್ಫ್ಯೂರಿಕ್ ಆಸಿಡ್ಡಿಗೂ ಈಗ ಸಿಲಿಕಾನ್ ಜಾಸ್ತಿ ಇರುವ ಸ್ಟೇನ್‌ಲೆಸ್ ಸ್ಟೀಲಿನ ಟವರ್ ಬಂದಿದೆ, ಇಟ್ಟಿಗೆಯೇ ಬೇಡ. ಅಣ್ಣ ಹೇಳಿದ ಆ ಅಪಘಾತ ಅಂಥ ಟವರಿನಲ್ಲಿ ಆಗುತ್ತಲೇ ಇರಲಿಲ್ಲ.

ಕುಂಬಳೆಯ ಹಳೇ ಫಿಟ್ಟರ್

ಹೊಸಂಗಡಿಯವರೇ, ನಿಮ್ಮ ಮಾತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಒಪ್ಪುತ್ತೇನೆ. ಜಾಡಿ, ಪೈಪು, ನಲ್ಲಿ, ಇವೆಲ್ಲ ಪಿಂಗಾಣಿಯದ್ದು ಹೋಯಿತು. ಹೋಗಬೇಕಾದದ್ದೇ. ಸ್ಟೋನ್‌ವೇರ್ ನಲ್ಲಿಯನ್ನು ಸ್ವಲ್ಪ ಜಾಸ್ತಿ ತಿರುಗಿಸಿ ಮುರಿದವರನ್ನು ನಾನು ನೋಡಿದ್ದೇನೆ. ತಣ್ಣಗಿನ ಹೈಡ್ರೋಕ್ಲೋರಿಕ್ ಸ್ಕ್ರಬ್ಬರಿಗೆ (ಗ್ಯಾಸ್ ತೊಳೆಯುವ ಟವರಿಗೆ) ಪ್ಲಾಸ್ಟಿಕ್ ಉಂಗುರ ಸಾಕು.

ಆದರೆ ಬಿಸಿ 98 ಪರ್ಸೆಂಟ್ ಆಸಿಡ್ಡಿಗೆ ಪಾಲಿಪ್ರೊಪಿಲೀನ್ ಹಾಕಿ ನೋಡಿ, ಕರಿ ಹಿಡಿದು ಹೋಗುತ್ತದೆ. ನೀವು ಹೇಳಿದ ಸ್ಟೇನ್‌ಲೆಸ್ ಟವರಿನ ಒಳಗೂ ತುಂಬಿಸುವುದು ಪಿಂಗಾಣಿ ಸ್ಯಾಡಲನ್ನೇ. ಗೋಡೆ ಬದಲಾಯಿತು, ಹೊಟ್ಟೆ ಬದಲಾಗಲಿಲ್ಲ. ಅದೂ ಅಲ್ಲದೆ ಆ ಸ್ಟೀಲಿಗೆ ಆಸಿಡ್ಡಿನ ಹದ, ಬಿಸಿ ಎರಡೂ ಒಂದು ಮಿತಿಯ ಒಳಗೇ ಇರಬೇಕು. ಸ್ವಲ್ಪ ತೆಳ್ಳಗಾದರೂ ತಡೆಯುವುದಿಲ್ಲ. ಇಟ್ಟಿಗೆ ಆಸಿಡ್ಡಿನ ಹದ ಕೇಳುವುದಿಲ್ಲ. ಗಂಧಕ ಸುಡುವ ಫರ್ನೇಸಂತೂ 1000 ಡಿಗ್ರಿಯ ಮಾತು, ಅಲ್ಲಿ ಬೆಂಕಿ ತಡೆಯುವ ಮಣ್ಣಿನ ಫೈರ್‌ಕ್ಲೇ ಇಟ್ಟಿಗೆ ಬಿಟ್ಟರೆ ಇಲ್ಲ.

ಪಿಂಗಾಣಿ ಸೋಲುವ ಕಡೆಯೂ ಹೇಳುತ್ತೇನೆ. ರಸಗೊಬ್ಬರಕ್ಕೆ ರಾಕ್ ಫಾಸ್ಫೇಟಿನಿಂದ ಫಾಸ್ಫಾರಿಕ್ ಆಸಿಡ್ ಮಾಡುತ್ತಾರಲ್ಲ, ಆ ಕಲ್ಲಿನಲ್ಲಿ ಫ್ಲೋರಿನ್ ಇರುತ್ತದೆ. ಟೀಚರ್ ಹೇಳಿದ ಹೈಡ್ರೋಫ್ಲೋರಿಕ್ ಆಸಿಡ್ ಅಲ್ಲಿ ಹುಟ್ಟುತ್ತದೆ. ಹಾಗಾಗಿ ಆ ರಿಯಾಕ್ಟರಿಗೆ ರಬ್ಬರಿನ ಮೇಲೆ ಕಾರ್ಬನ್ ಇಟ್ಟಿಗೆ ಕಟ್ಟುತ್ತಾರೆ.

ಉಪ್ಪಳದ ಆಪರೇಟರ್

ಅಮೋನಿಯಾ ಪ್ಲಾಂಟಿನ ಕಡೆಯಿಂದ ಎರಡು ಮಾತು. ನಮ್ಮಲ್ಲಿ ಕ್ಯಾಟಲಿಸ್ಟಿನ ಕೆಳಗೂ ಮೇಲೂ ಪಿಂಗಾಣಿ ಉಂಡೆ ಹಾಸುತ್ತೇವೆ. ಗೋಲಿಯಷ್ಟು, ನಿಂಬೆಹಣ್ಣಿನಷ್ಟು, ಬೇರೆ ಬೇರೆ ಗಾತ್ರ. ಕೆಳಗಿನವು ಭಾರ ಹೊರುತ್ತವೆ, ಮೇಲಿನವು ಗ್ಯಾಸಿನ ರಭಸಕ್ಕೆ ಕ್ಯಾಟಲಿಸ್ಟ್ ಕುಣಿಯದ ಹಾಗೆ ಒತ್ತಿ ಹಿಡಿಯುತ್ತವೆ.

ಆದರೆ ಸೆಕೆಂಡರಿ ರಿಫಾರ್ಮರ್ ಎಂಬ ಬಿಸಿ ರಿಯಾಕ್ಟರಿಗೆ ಜೇಡಿಮಣ್ಣಿನ ಉಂಡೆ ಹಾಕುವ ಹಾಗೇ ಇಲ್ಲ. ಅಲ್ಲಿ 1000 ಡಿಗ್ರಿಯ ಹತ್ತಿರ ಬಿಸಿ, ಜೊತೆಗೆ ಹಬೆಯ ಒತ್ತಡ. ಆ ಶಾಖಕ್ಕೆ ಹಬೆ ಸಿಲಿಕವನ್ನು ಮೆಲ್ಲ ಎಬ್ಬಿಸಿಕೊಂಡು ಹೋಗುತ್ತದೆ. ಮುಂದೆ ಬಾಯ್ಲರ್ ತಣ್ಣಗಿರುವ ಕಡೆ ಟ್ಯೂಬಿನೊಳಗೆ ಕೂರುತ್ತದೆ. ಆದ್ದರಿಂದ ಅಲ್ಲಿ ಸಿಲಿಕ ಇಲ್ಲದ, 99 ಪರ್ಸೆಂಟ್ ಅಲ್ಯೂಮಿನದ ಉಂಡೆ. ಎರಡೂ ಬಿಳಿ, ಎರಡೂ ಗುಂಡು. ಗೋಡೌನಿನಲ್ಲಿ ಚೀಲದ ಮೇಲಿನ ಗುರುತು ನೋಡದೆ ಎತ್ತಬಾರದು.

ಮುಳ್ಳೇರಿಯ ಲ್ಯಾಬಿನವಳು

ನಮ್ಮನ್ನು ಮರೆಯಬೇಡಿ! ಲ್ಯಾಬಿನಲ್ಲಿ ಮೂಸೆ, ಬಾಣಲೆಯಂಥ ಡಿಶ್, ಬುಕ್ನರ್ ಫನೆಲ್, ಅರೆಯುವ ಕುಟ್ಟಾಣಿ ಎಲ್ಲ ಪಿಂಗಾಣಿಯೇ. ಮೂಸೆಯನ್ನು ಸುಟ್ಟು, ಆರಿಸಿ, ತೂಕ ಮಾಡಿ, ಮತ್ತೆ ಸುಟ್ಟು ತೂಕ ಮಾಡಿದರೆ ಗ್ರಾಂನ ಸಾವಿರದ ಒಂದು ಭಾಗದಷ್ಟೂ ಬದಲಾಗಬಾರದು. ಬೂದಿಯ ಪ್ರಮಾಣ ಹೇಳುವುದು ಆ ನಂಬಿಕೆಯ ಮೇಲೆ. ಪೇಂಟಿನ ಬಿಳಿ ಬಣ್ಣ ಅರೆಯುವ ಬಾಲ್ ಮಿಲ್ಲಿಗೂ ಪಿಂಗಾಣಿ ಉಂಡೆ ಹಾಕುತ್ತಾರೆ. ಕಬ್ಬಿಣದ ಉಂಡೆ ಹಾಕಿದರೆ ಬಿಳಿ ಮಾಸುತ್ತದೆ.

ಪೆರ್ಲದ ಹುಡುಗ

ಇಷ್ಟು ಜನ ಸಮಯ ಕೊಟ್ಟು ಬರೆದಿರಿ, ಕಣ್ಣು ತುಂಬಿ ಬಂತು. ಫಿಟ್ಟರ್ ಅಣ್ಣ, ಸೋಮವಾರದಿಂದ ನಮ್ಮ ಟವರಿಗೆ ಹೊಸ ಸ್ಯಾಡಲ್ ತುಂಬಿಸುತ್ತಾರೆ. ನನ್ನನ್ನೂ ಹಾಕಿದ್ದಾರೆ. ಏನು ನೋಡಿಕೊಳ್ಳಬೇಕು?

ಕುಂಬಳೆಯ ಹಳೇ ಫಿಟ್ಟರ್

ಮೊದಲು ಪರ್ಮಿಟ್. ಗ್ಯಾಸ್ ಟೆಸ್ಟ್ ಆಗಿ ಸಹಿ ಬಿದ್ದ ಕಾಗದವನ್ನು ನಿನ್ನ ಕಣ್ಣಾರೆ ನೋಡದೆ ಮ್ಯಾನ್‌ಹೋಲಿಗೆ ತಲೆ ಹಾಕಬೇಡ. ಯಾರು ಅವಸರ ಮಾಡಿದರೂ ಸರಿ.

ಸ್ಯಾಡಲನ್ನು ಮೇಲಿನಿಂದ ಸುರಿಯಲು ಬಿಡಬೇಡಿ. ನೀರಿನ ಸ್ಕ್ರಬ್ಬರ್ ಆದರೆ ಟವರಿಗೆ ನೀರು ತುಂಬಿಸಿ ಅದರೊಳಗೆ ಬಿಡುತ್ತಾರೆ, ಮೆಲ್ಲ ಮುಳುಗಿ ಕೂರುತ್ತದೆ. ಆಸಿಡ್ ಟವರಿಗೆ ನೀರು ಬೇಡ, ಬುಟ್ಟಿಯಲ್ಲಿ ಇಳಿಸಿ ಕೈಯಿಂದ ಹರಡಬೇಕು. ಎಲ್ಲ ಕಡೆ ಒಂದೇ ಮಟ್ಟಕ್ಕೆ ಏರುತ್ತಾ ಬರಲಿ. ನಡುವೆ ಗುಡ್ಡೆ ಆಗಿ ಬದಿ ತಗ್ಗಾದರೆ ಆಸಿಡ್ ಗೋಡೆ ಹಿಡಿದು ಇಳಿಯುತ್ತದೆ. ತುಂಬಿಸುವ ಮೊದಲು ಚೀಲದಲ್ಲಿ ಒಡೆದದ್ದನ್ನು ಆರಿಸಿ ತೆಗೆಯಿರಿ. ಅಕ್ಕಿ ಆರಿಸುವ ಹಾಗೆ. ಆ ಚೂರುಗಳೇ ಆಮೇಲೆ ಪಂಪಿನ ಸ್ಟ್ರೈನರಿಗೆ, ಆಸಿಡ್ ಹಂಚುವ ಡಿಸ್ಟ್ರಿಬ್ಯೂಟರಿನ ತೂತಿಗೆ ಬಂದು ಕೂರುವುದು. ಸ್ಯಾಡಲಿನ ಮೇಲೆ ನೇರ ಕಾಲಿಡಬೇಡ, ಹಲಗೆ ಹಾಕಿ ನಿಲ್ಲು.

ಪೆರ್ಲದ ಹುಡುಗ

ಅಣ್ಣ, ಎಲ್ಲ ಬರೆದಿಟ್ಟುಕೊಂಡೆ. ಈ ಆದಿತ್ಯವಾರ ಒಂದು ಪ್ರಯೋಗ ಮಾಡಿದೆ. ಸ್ಯಾಡಲ್ ತುಂಡು, ಹೆಂಚಿನ ತುಂಡು ಎರಡನ್ನೂ ಬಿಸಿಲಿಗಿಟ್ಟು ಒಣಗಿಸಿ, ಪೇಟೆಯ ಚಿನ್ನದ ಅಂಗಡಿಯಲ್ಲಿ ತೂಕ ಮಾಡಿಸಿದೆ. ಆಮೇಲೆ ಎರಡು ಗಂಟೆ ನೀರಿನಲ್ಲಿ ಕುದಿಸಿ, ತಣ್ಣಗಾದ ಮೇಲೆ ಒರೆಸಿ ಮತ್ತೆ ತೂಗಿಸಿದೆ. ಹೆಂಚು 120 ಗ್ರಾಂ ಇದ್ದದ್ದು 137 ಆಯಿತು. ಸ್ಯಾಡಲ್ 41.2 ಇದ್ದದ್ದು 41.3. ಅಂಗಡಿಯವರೂ ಎರಡೆರಡು ಸಲ ತೂಗಿ ನೋಡಿದರು.

ಭರಣಿಯದ್ದೂ ನೋಡೋಣ ಅಂತ ಅಜ್ಜಿಯ ಹತ್ತಿರ ಕೇಳಿದೆ. ಅದರಲ್ಲಿ ಈ ವರ್ಷದ ಮಾವಿನ ಮಿಡಿ ಇದೆ, ಮುಟ್ಟಬೇಡ ಅಂದರು. ಅಜ್ಜಿಯ ಅತ್ತೆಯ ಕಾಲದ ಭರಣಿ ಅದು. ಬಟ್ಟೆ ಕಟ್ಟಿದ ಬಾಯಿ ಬಿಚ್ಚಿ, ಒಣ ಕೈಯಿಂದ ಒಳಗಿನ ಗೋಡೆ ಸವರಿ ತೋರಿಸಿದರು. ಅಷ್ಟು ವರ್ಷದ ಉಪ್ಪು, ಹುಳಿ, ಸಾಸಿವೆ ಕಂಡ ಮೈ ಇನ್ನೂ ನುಣ್ಣಗೆ ಹೊಳೆಯುತ್ತಿತ್ತು. ಮುಚ್ಚಳದ ಅಂಚಿನಲ್ಲಿ ಮಾತ್ರ ಒಂದು ಸಣ್ಣ ಚಕ್ಕೆ ಹೋಗಿದೆ. ನಾನು ಚಿಕ್ಕವನಿದ್ದಾಗ ಬೀಳಿಸಿದ್ದಂತೆ.

ನಾಳೆ ಏಳು ಗಂಟೆಯ ಶಿಫ್ಟ್. ತಲಪಾಡಿ ದಾಟುವ ಮೊದಲ ಬಸ್ಸಿಗೆ ಹೊರಡುತ್ತೇನೆ. ಒಳಗೆ ಹಾಸಲು ಹಲಗೆ ತೆಗೆದಿಟ್ಟಿದ್ದಾರಾ ಅಂತ ಸೂಪರ್‌ವೈಸರ್‌ಗೆ ಈಗಷ್ಟೇ ಮೆಸೇಜ್ ಹಾಕಿದೆ.